ಪ್ರಶ್ನೆ ಇದ್ದರೆ ಕೇಳಬಹುದು

ಧಾರವಾಡದಲ್ಲಿ ಭಾಷಣ ಮಾಡುವುದು ಕಷ್ಟವಲ್ಲ, ಮುಗಿಸುವುದು ಕಷ್ಟ. ನೀವೂ ಎಂದಾದರೂ ಮೈಕಿನ ಮುಂದೆ ನಿಂತು, ನಾಲ್ಕು ಚಪ್ಪಾಳೆ ಬಿದ್ದ ಹುರುಪಿನಲ್ಲಿ "ಯಾರದಾದರೂ ಪ್ರಶ್ನೆ ಇದ್ದರೆ ಕೇಳಬಹುದು" ಅಂದುಬಿಟ್ಟವರಾಗಿದ್ದರೆ ಬರ್ರಿ, ನನ್ನ ಮಗ್ಗುಲಲ್ಲೇ ಕೂಡ್ರಿ. ನಾವು ಸಮದುಃಖಿಗಳು. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡರೂ ಪ್ರಯೋಜನವಿಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ನಮ್ಮಿಬ್ಬರ ನಾಲಿಗೆಗೂ ಗೊತ್ತು.

ಊರೂ ಅಂಥದ್ದೇ ನೋಡ್ರಿ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗಿನಿಂದ ಧಾರವಾಡ ಉಪನ್ಯಾಸ ಕೇಳುತ್ತಲೇ ಬಂದಿದೆ. ದತ್ತಿ ಉಪನ್ಯಾಸ, ಸ್ಮಾರಕ ಉಪನ್ಯಾಸ, ಪುಸ್ತಕ ಬಿಡುಗಡೆ, ವಿಚಾರ ಸಂಕಿರಣ ಎಂದು ಸಂಜೆಯಾದರೆ ಎಲ್ಲೋ ಒಂದು ಕಡೆ ಮೈಕು "ಹಲೋ ಹಲೋ" ಅನ್ನುತ್ತಿರುತ್ತದೆ. ಕೊಡೆ ಹಿಡಿದು ವಾಕಿಂಗಿಗೆ ಹೊರಟ ಹಿರಿಯರ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ನಾನು ಹುಟ್ಟಿದಾಗಿನಿಂದ ಆಡಿದ ಮಾತಿಗಿಂತ ಅವರು ಕೇಳಿದ ಭಾಷಣವೇ ಹೆಚ್ಚು. ಮೇಲಾಗಿ ಇದು ಗೀಗೀ ಮೇಳದ ಸೀಮೆ. ಹರದೇಶಿಯವರು ಹಾಡಿನಲ್ಲಿ ಸವಾಲು ಹಾಕಿದರೆ ನಾಗೇಶಿಯವರು ಹಾಡಿನಲ್ಲೇ ಜವಾಬು ಕೊಡಬೇಕು. ಕೋಳಿ ಕೂಗಿದರೂ ಯಾರೂ ಸೋತೆ ಅನ್ನುವುದಿಲ್ಲ. ಅಂಥ ಸವಾಲ್-ಜವಾಬ್ ಕೇಳಿ ಬೆಳೆದ ಜನರೆದುರು ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ನಿಂತೆ.

ಯಾಕೆ ಹೋದೆ ಅಂತೀರಾ? ನನ್ನ ಮನೆ ಹುಬ್ಬಳ್ಳಿಯಲ್ಲಿ, ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿಯ ಹತ್ತಿರ. ನನ್ನ ವಿದ್ವತ್ತು ಅಂತ ಇರುವುದು ಅಷ್ಟೇ. ಧಾರವಾಡದ ಒಂದು ಹಿರಿಯ ನಾಗರಿಕರ ಬಳಗದವರು ಆಗಸ್ಟ್ ತಿಂಗಳಿಗೆ ಉಪನ್ಯಾಸಕರನ್ನು ಹುಡುಕುತ್ತಿದ್ದರು. "ನಿಮ್ಮ ಮನಿ ಬೆಂಗೇರಿ ಹತ್ರ ಐತೆಲ್ರಿ, ರಾಷ್ಟ್ರಧ್ವಜದ ಮ್ಯಾಲ ಮಾತಾಡ್ರಿ" ಅಂದರು. ಈ ಲೆಕ್ಕದಲ್ಲಿ ಸಿದ್ಧಾರೂಢ ಮಠದ ಓಣಿಯವರೆಲ್ಲ ಅದ್ವೈತಿಗಳಾಗಬೇಕಿತ್ತು. ಆದರೆ ಸನ್ಮಾನದ ಶಾಲು ಕಣ್ಣೆದುರು ತೇಲಿದಾಗ ತರ್ಕ ಯಾರಿಗೆ ನೆನಪಾಗುತ್ತದೆ? "ಆಗ್ಲಿ ಬಿಡ್ರಿ" ಅಂದೆ.

ನನಗೆ ಪ್ರಶ್ನೆಯ ಹೆದರಿಕೆ ಇರಲಿಲ್ಲ. ಆಫೀಸಿನವರು ಹಿಂದೊಮ್ಮೆ ಬೆಂಗಳೂರಿಗೆ ಕಳಿಸಿ, ಸಭೆಯ ಕಠಿಣ ಪ್ರಶ್ನೆಗಳನ್ನು ನಿಭಾಯಿಸುವ ತರಬೇತಿ ಕೊಡಿಸಿದ್ದರು. ಮೊದಲು ಪ್ರಶ್ನೆಯನ್ನು ಹೊಗಳು. ಆಮೇಲೆ ಅದನ್ನೇ ನಿನ್ನ ಮಾತಿನಲ್ಲಿ ತಿರುಗಿ ಹೇಳು. ಉತ್ತರ ಮುಂದೆ ಬರುತ್ತದೆ ಎನ್ನು. ಆಗದಿದ್ದರೆ ಸಭೆಗೇ ಎಸೆ. ಕೊನೆಗೆ, ಚಹಾ ಕುಡಿಯುತ್ತ ಮಾತಾಡೋಣ ಎಂದು ಜಾರಿಕೋ. ಈ ಪಂಚಾಕ್ಷರಿಯನ್ನು ಅಂಗೈಯಲ್ಲಿ ಬರೆದುಕೊಂಡೇ ಹೋಗಿದ್ದೆ. ವೇದಿಕೆ ಹತ್ತುವಷ್ಟರಲ್ಲಿ ಬೆವರಿಗೆ ಕೊನೆಯ ಮಂತ್ರವೊಂದೇ ಉಳಿದು ಮಿಕ್ಕದ್ದು ಅಳಿಸಿಹೋಗಿತ್ತು. ಅದೇ ಅಪಶಕುನ.

ಭಾಷಣವೇನೋ ಚೆನ್ನಾಗಿಯೇ ಆಯಿತು. ಕುಕ್ಕರಿನಿಂದ ಹೆಲ್ಮೆಟ್ಟಿನವರೆಗೆ ಸಾವಿರಾರು ವಸ್ತುಗಳಿಗೆ ನಮ್ಮ ದೇಶದಲ್ಲಿ ಐಎಸ್ ನಂಬರಿನ ಮಾನದಂಡಗಳಿವೆಯಲ್ಲ, ಅವುಗಳ ಪೈಕಿ ಐಎಸ್ 1, ಅಂದರೆ ನಂಬರ್ ಒಂದು, 1951ರಲ್ಲಿ ಬಂದ ರಾಷ್ಟ್ರಧ್ವಜದ ಮಾನದಂಡ ಎಂದೆ. ಸಭೆ ತಲೆದೂಗಿತು. ಉದ್ದ-ಅಗಲ ಯಾವಾಗಲೂ 3ಕ್ಕೆ 2, ಸೈಜುಗಳು ಒಂಬತ್ತು, ಎಲ್ಲಕ್ಕಿಂತ ದೊಡ್ಡದು 6300ಕ್ಕೆ 4200 ಮಿಲಿಮೀಟರ್, ಎಲ್ಲಕ್ಕಿಂತ ಸಣ್ಣದು ಮೇಜಿನ ಮೇಲಿಡುವ 150ಕ್ಕೆ 100. 1957ರಲ್ಲಿ ಶುರುವಾದ ನಮ್ಮ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಈ ಒಂಬತ್ತೂ ಅಳತೆಯ ಧ್ವಜ ಹೊಲಿದು ದೇಶಕ್ಕೆ ಕಳಿಸುತ್ತದೆ, ಬಟ್ಟೆ ಬಾಗಲಕೋಟೆ ಸೀಮೆಯ ತುಳಸಿಗೇರಿಯಿಂದ ಬರುತ್ತದೆ ಎಂದೆ. ಚಪ್ಪಾಳೆ! ಇಲ್ಲಿಗೇ ಕೈಮುಗಿದು ಕೂತಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಚಪ್ಪಾಳೆಯ ಅಮಲು ಕೆಟ್ಟದ್ದು. "ಪ್ರಶ್ನೆ ಇದ್ದರೆ ಕೇಳಬಹುದು" ಅಂದೆ.

ಕಣ್ಣು ಮಿಟುಕಿಸುವುದರೊಳಗೆ ಸಭಾಂಗಣದ ತುಂಬ ಕೈಗಳು. ಕೆಲವರದು ಎರಡೂ ಕೈ. ಲೋಕಸಭೆಯಲ್ಲಿ ಮಂತ್ರಿಗೊಂದು ಪ್ರಶ್ನೆ ಕೇಳಬೇಕೆಂದರೆ ಕನಿಷ್ಠ 15 ದಿನ ಮುಂಚೆ ನೋಟೀಸು ಕೊಡಬೇಕು. ಬಾಯಿಂದ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮೀರುವಂತಿಲ್ಲ. ಚೀಟಿ ದಾಟಿಸಲು ಅಧಿಕಾರಿಗಳ ದಂಡೇ ಬೇರೆ. ನನಗೆ ಹದಿನೈದು ಸೆಕೆಂಡಿನ ನೋಟೀಸೂ ಇಲ್ಲ. ಚೀಟಿ ಅಂತ ಬಂದದ್ದು ಒಂದೇ. ಆತುರದಿಂದ ಬಿಚ್ಚಿದರೆ, "ನಿಮ್ಮ ಅಂಗಿಯ ಗುಂಡಿ ಮ್ಯಾಲ-ಕೆಳಗ ಆಗ್ಯಾವು" ಅಂತ ಬರೆದಿತ್ತು.

ಮೊದಲು ಎದ್ದವರು ನಿವೃತ್ತ ಗಣಿತ ಮಾಸ್ತರು. "ಒಂದ್ ಸಣ್ಣ ಸಂಶಯ ಐತ್ರಿ" ಅಂದರು. ಓದುಗ ಮಹಾಶಯರೇ, ಸಣ್ಣ ಸಂಶಯ ಅಂದವರನ್ನು ಜನ್ಮದಲ್ಲಿ ನಂಬಬೇಡಿ. "ದೊಡ್ಡ ಧ್ವಜದಾಗ ಬಿಳಿ ಪಟ್ಟಿ 1400 ಮಿಲಿಮೀಟರ್, ಚಕ್ರ 1295. ಅಂದ್ರ ಪಟ್ಟಿಯ ಶೇಕಡಾ ತೊಂಬತ್ತೆರಡೂವರಿ. ಅದರ ಕೆಳಗಿನ ಸೈಜಿನಾಗ ಪಟ್ಟಿ 800, ಚಕ್ರ 740. ಅದೂ ತೊಂಬತ್ತೆರಡೂವರಿ. ಸರಿ. ಆದ್ರ ಎಲ್ಲಾಕಿಂತ ಸಣ್ಣ ಧ್ವಜದಾಗ ಚಕ್ರ ಬರೇ 25, ಅಂದ್ರ ಮುಕ್ಕಾಲು ಪಟ್ಟಿ. ಯಾಕ್ರಿ?" ನನ್ನದೇ ಸ್ಲೈಡಿನ ಅಂಕಿಗಳು! ಅವು ತಮ್ಮತಮ್ಮೊಳಗೆ ಇಂಥದ್ದೊಂದು ಒಳಸಂಚು ನಡೆಸಿವೆ ಅಂತ ನನಗೇನು ಗೊತ್ತು? ಮೊದಲ ಮಂತ್ರ ಹೊರತೆಗೆದೆ. "ಭಾಳ ಚಲೋ ಪ್ರಶ್ನೆ ರೀ!"

"ಚಲೋ ಅದ ಅಂತ ಗೊತ್ತದರಿ, ಅದಕ್ಕ ಕೇಳೇನಿ. ಉತ್ತರ?"

"ಅದು... ಧ್ವಜ ಸಣ್ಣದಾದಂಗ ಚಕ್ರನೂ ಸಣ್ಣದಾಗ್ತದ್ರಿ."

"ಅದು ನನ್ನ ಪ್ರಶ್ನೆ. ನಿಮ್ಮ ಉತ್ತರ ಹೇಳ್ರಿ."

ನಾನು ನೀರು ಕುಡಿದೆ. ಗ್ಲಾಸು ಅಧ್ಯಕ್ಷರದಾಗಿತ್ತು. ಇನ್ನೊಬ್ಬರು ಎದ್ದು ಏನೋ ಕೇಳಿದರು, "ಇದೂ ಚಲೋ ಪ್ರಶ್ನೆ" ಅಂದೆ. ಮತ್ತೊಬ್ಬರಿಗೆ ಗಾಬರಿಯಲ್ಲಿ ಹಾಗೆನ್ನಲು ಮರೆತೆ. ಅವರು ಮುಖ ಸಣ್ಣದು ಮಾಡಿಕೊಂಡು, "ಯಾಕ್ರಿ, ನಂದೇನ್ ಚಲೋ ಇಲ್ಲೇನು?" ಅಂದರು. ಅವರನ್ನು ಸಮಾಧಾನ ಮಾಡುವ ಭರದಲ್ಲಿ "ಇಲ್ಲಿಯವರೆಗೆ ಬಂದದ್ರಾಗ ನಿಮ್ಮದ ಬೆಸ್ಟ್" ಅಂದುಬಿಟ್ಟೆ. ಈಗ ಉಳಿದಿಬ್ಬರ ಮುಖ ಸಣ್ಣದಾಯಿತು. ಗಣಿತ ಮಾಸ್ತರು ಕನ್ನಡಕ ಏರಿಸಿ ಡೈರಿಯಲ್ಲಿ ಏನೋ ಬರೆದುಕೊಂಡರು. ಅಂಕ ಇರಬೇಕು.

ಅಷ್ಟರಲ್ಲಿ ಧೋತರ ಉಟ್ಟ ಅಜ್ಜಾರೊಬ್ಬರು ಎದ್ದರು. ಅವರ ಪ್ರಶ್ನೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಿಂದ ಹೊರಟಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಆ ಅಧಿವೇಶನಕ್ಕೆ ಅವರ ತಂದೆ ಚಕ್ಕಡಿ ಕಟ್ಟಿಕೊಂಡು ಹೋಗಿದ್ದರಂತೆ. ಎತ್ತುಗಳ ಬಣ್ಣ, ದಾರಿಯ ಬುತ್ತಿ, ಗಾಲಿಯ ಕೀಲು ಎಲ್ಲ ಬಂತು. ಫ್ಯಾನು ಎಷ್ಟು ಸುತ್ತು ಸುತ್ತಿತೋ ದೇವರೇ ಬಲ್ಲ. ಎರಡನೆಯ ಮಂತ್ರದ ಪ್ರಕಾರ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಹೇಳಬೇಕಲ್ಲ, ಮಧ್ಯೆ ಬಾಯಿ ಹಾಕಿದೆ: "ಅಂದ್ರ ಚಕ್ಕಡಿ ಮ್ಯಾಲ ಧ್ವಜ ಹಚ್ಚಬಹುದೋ ಇಲ್ಲೋ, ಅದಲ್ರಿ ನಿಮ್ಮ ಪ್ರಶ್ನೆ?"

"ತಮ್ಮಾ, ನಾ ಇನ್ನೂ ಪ್ರಶ್ನೆಗೆ ಬಂದಿಲ್ಲ."

ಬಂದಾಗ ಪ್ರಶ್ನೆ ಇಷ್ಟೇ ಇತ್ತು: ಹಳೆಯ ಧ್ವಜದಲ್ಲಿ ಚರಕ ಇತ್ತಲ್ಲ, 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಧ್ವಜದಲ್ಲಿ ಬರೀ ಚಕ್ರ ಉಳಿದದ್ದು ಯಾಕೆ? ನಾನು ಬಾಯಿ ತೆರೆದೆ, ಗಾಳಿ ಬಂತು. ಕಡೆಗೆ ಅಜ್ಜಾರೇ ಕರುಣೆಯಿಂದ ಹೇಳಿದರು. ನೆಹರೂ ಸಭೆಯಲ್ಲೇ ಅದನ್ನು ವಿವರಿಸಿದ್ದರಂತೆ: ಚರಕದ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ಧ್ವಜವನ್ನು ಆ ಬದಿಯಿಂದ ನೋಡಿದರೆ ತಿರುವುಮುರುವು. ಚಕ್ರಕ್ಕೆ ಆ ತಕರಾರಿಲ್ಲ, ಎರಡೂ ಕಡೆಯಿಂದ ಒಂದೇ. ಸಭೆ ಅಜ್ಜಾರಿಗೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಕೈಯಲ್ಲಿ ಮೈಕಿತ್ತು. ಆ ಸಪ್ಪಳಕ್ಕೆ ಹಿಂದಿನ ಸಾಲಿನಲ್ಲಿ ಮಲಗಿದ್ದವರೂ ಎದ್ದು ಕೂತು ಕೈ ಎತ್ತಿದರು.

ಅವರಲ್ಲೊಬ್ಬರು ಗರಗದವರು. "ಧಾರವಾಡ ತಾಲೂಕಿನ್ಯಾಗ ನಿಂತು ಧ್ವಜದ ಬಗ್ಗೆ ಮಾತಾಡ್ತೀರಿ, ಗರಗದ ಹೆಸರ ಇಲ್ಲಲ್ರಿ? 1954ರಾಗ ಸಂಘ ಕಟ್ಟಿ ಧ್ವಜದ ಖಾದಿ ನೇಯ್ದ ಊರದು!" ನ್ಯಾಯವಾದ ಮಾತು. ನನ್ನ ಸ್ಲೈಡಿನಲ್ಲಿ ಗರಗ ಇರಲಿಲ್ಲ. ಮೂರನೆಯ ಮಂತ್ರ ನೆನಪಾಗಿ, "ಅದು ಮುಂದಿನ ಸ್ಲೈಡಿನಾಗ ಬರ್ತದ್ರಿ" ಅಂದೆ. ಗುಂಡಿ ಒತ್ತಿದೆ. "ಧನ್ಯವಾದಗಳು" ಬಂತು. ಗರಗ ಇನ್ನೇನು ಬಂದೀತೆಂಬ ಭ್ರಮೆಯಲ್ಲಿ ಮತ್ತೊಮ್ಮೆ ಒತ್ತಿದೆ. ಪರದೆ ಕಪ್ಪಾಯಿತು. ಮತ್ತೆ ಒತ್ತಿದೆ. ವಾಟ್ಸ್ಆ್ಯಪ್ ತೆರೆದುಕೊಂಡು, ಹತ್ತಡಿ ಪರದೆಯ ತುಂಬ ನನ್ನ ಹೆಂಡತಿಯ ಸಂದೇಶ ಮೂಡಿತು: "ಭಾಷಣ ಅಂತ ಅಲ್ಲೆ ಉಬ್ಬಿ ಕೂಡಬ್ಯಾಡ್ರಿ. ಬರೋವಾಗ ಪಲ್ಯೆ ತರ್ರಿ. ಹೋದ ಸಲದಂಗ ಹುಳಕ ತರಬ್ಯಾಡ್ರಿ." ಸಭೆ ಶ್ರದ್ಧೆಯಿಂದ ಓದಿತು. ಎರಡನೆಯ ಸಾಲಿನ ಅಕ್ಕಾರೊಬ್ಬರು ಕೈ ಎತ್ತಿ, "ಯಾವ ಪಲ್ಯೆ ಅಂತ ಬರದಿಲ್ಲಲ್ರಿ, ರಾಜಗಿರಿನೋ ಮೆಂತ್ಯೆನೋ?" ಅಂದರು. ಅದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸಾಹಿತ್ಯಾಸಕ್ತರೊಬ್ಬರ ಸರದಿ. ಬೇಂದ್ರೆಯವರು ಕೊನೆಗಾಲದಲ್ಲಿ ಸಂಖ್ಯೆಗಳ ಬೆನ್ನು ಹತ್ತಿದ್ದು, ಅದರಲ್ಲೂ 441 ಅವರನ್ನು ಬಿಡದೆ ಕಾಡಿದ್ದು ಧಾರವಾಡಕ್ಕೆ ಹೊಸದಲ್ಲ. "ದೊಡ್ಡ ಧ್ವಜ 21 ಅಡಿ ಉದ್ದ ಅಂತಾರಲ್ರಿ, ಇಪ್ಪತ್ತೊಂದ್ ಇಪ್ಪತ್ತೊಂದ್ಲೆ ನಾಕನೂರಾ ನಾಲ್ವತ್ತೊಂದು. ಬೇಂದ್ರೆ ಅಜ್ಜಾವರ ಸಂಖ್ಯಾ! ಇದರ ಮರ್ಮ ಏನು?" ನಾನು ಒಂದು ಕ್ಷಣವೂ ತಡಮಾಡದೆ ನಾಲ್ಕನೆಯ ಮಂತ್ರ ಪ್ರಯೋಗಿಸಿದೆ. "ಇದಕ್ಕ ಸಭೆಯೊಳಗ ಯಾರರ ಉತ್ತರ ಹೇಳ್ತೀರೇನು?"

ಧಾರವಾಡದ ಸಭೆಗೆ ಈ ಮಾತು ಹೇಳಬಾರದು. ಗಣಿತ ಮಾಸ್ತರು ಎದ್ದು, 6300 ಮಿಲಿಮೀಟರ್ ಅಂದರೆ 21 ಅಡಿ ಆಗುವುದೇ ಇಲ್ಲ, 20 ಅಡಿ 8 ಇಂಚು, ಹೀಗಾಗಿ 441ರ ಮಾತೇ ಬರುವುದಿಲ್ಲ ಎಂದರು. ಸಾಹಿತ್ಯಾಸಕ್ತರು, ಕಾವ್ಯಕ್ಕೆ ನಾಲ್ಕು ಇಂಚು ದೊಡ್ಡದಲ್ಲ ಎಂದರು. ಮಾಸ್ತರು, ಧ್ವಜಕ್ಕೆ ನಾಲ್ಕು ಇಂಚು ದೊಡ್ಡದು ಎಂದರು. ಒಬ್ಬರಿಗೆ ಮೈಕು ಕೊಟ್ಟೆ. ನ್ಯಾಯ ಇರಲೆಂದು ಇನ್ನೊಬ್ಬರಿಗೆ ಪೋಡಿಯಂ ಬಿಟ್ಟುಕೊಟ್ಟೆ. ಅಜ್ಜಾರು ನಡುವೆ ತೀರ್ಪು ಕೊಡಲು ಬಂದರು, ಅವರಿಗೆ ನನ್ನ ಕುರ್ಚಿ ಕೊಟ್ಟೆ. ನೋಡನೋಡುತ್ತ ವೇದಿಕೆಯ ಮೇಲೆ ನನಗೆ ಜಾಗವೇ ಉಳಿಯಲಿಲ್ಲ. ಕೆಳಗಿಳಿದು ಮೂರನೆಯ ಸಾಲಿನಲ್ಲಿ ಕೂತೆ. ಎಷ್ಟು ಸುಖ ಅಂತೀರಿ! ಪಕ್ಕದವರು ಪಿಸುಮಾತಿನಲ್ಲಿ "ಉಪನ್ಯಾಸಕರು ಎಲ್ಲಿ ಹ್ವಾದ್ರು?" ಎಂದು ಕೇಳಿದರು. "ಇಲ್ಲೇ ಎಲ್ಲ್ಯೋ ಇರಬೇಕ್ರಿ" ಅಂದೆ. ಒಂದು ಹಂತದಲ್ಲಿ ನನಗೇ ಏನೋ ಹೇಳಬೇಕೆನಿಸಿ ಕೈ ಎತ್ತಿದೆ. ಅಧ್ಯಕ್ಷರು, "ಟೈಮ್ ಆಗೇದರಿ, ಒಬ್ಬರಿಗೇ ಎಷ್ಟ್ ಸಲ ಚಾನ್ಸ್ ಕೊಡೂದು?" ಅಂದರು.

ನನ್ನ ಗುರುತು ಹಿಡಿದದ್ದು ಅಜ್ಜನ ಜೊತೆ ಬಂದಿದ್ದ ಒಬ್ಬ ಪುಟ್ಟ ಹುಡುಗಿ. "ಕಾಕಾ, ಚಕ್ರ ಎರಡೂ ಕಡೆ ಒಂದ ಥರಾ ಹೆಂಗ ಕಾಣ್ತೈತಿ?" ಎಂದು ಮೆಲ್ಲಗೆ ಕೇಳಿತು. ಅಯ್ಯೋ ದೇವರೇ, ಇದಕ್ಕೆ ಮಾತ್ರ ನನಗೆ ಉತ್ತರ ಗೊತ್ತು! ಚಕ್ರವನ್ನು ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ, ಒಂದರ ಬೆನ್ನಿಗೆ ಇನ್ನೊಂದು ಕೂದಲೆಳೆಯಷ್ಟೂ ಸರಿಯದಂತೆ ಕೂರಬೇಕು. 24 ಅರಗಳಲ್ಲಿ ಒಂದು ಜರುಗಿದರೂ ಕಣ್ಣಿಗೆ ಹೊಡೆಯುತ್ತದೆ. ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಆದರೆ ಸಂಜೆಯೆಲ್ಲ ಸೋತವನಿಗೆ ಗೆಲುವಿನ ವಾಸನೆ ಹತ್ತಿತ್ತು. ಬಿಳಿ ಕರ್ಚೀಫು ತೆಗೆದು ಎದೆಯ ಮೇಲೆ ಹರವಿಕೊಂಡು, ಮಗುವಿಗೆ ತಿಳಿಯಲೆಂದು ಶಾಯಿ ಪೆನ್ನಿನಿಂದ ದೊಡ್ಡದೊಂದು ವೃತ್ತ ಬರೆದೆ. ಕರ್ಚೀಫು ತಿರುಗಿಸಿದೆ: ಆ ಕಡೆಯೂ ವೃತ್ತ! "ನೋಡ್ದೇನು?" ಅಂದೆ. "ನೋಡ್ದೆ ಕಾಕಾ, ನಿಮ್ಮ ಅಂಗಿ ಮ್ಯಾಲೂ ಬಂದೈತಿ" ಅಂತು. ಬಂದಿತ್ತು. ಬನಿಯನ್ನಿನ ಮೇಲೂ ಬಂದಿತ್ತು. ಅದಕ್ಕೂ ಒಳಗೆ ಬಂದಿತ್ತೆಂಬುದು ಮನೆಗೆ ಹೋಗಿ ಸ್ನಾನ ಮಾಡುವಾಗ ತಿಳಿಯಿತು.

ಉಳಿದದ್ದು ಕೊನೆಯ ಮಂತ್ರ. ಎದ್ದು ನಿಂತು, "ಮಿಕ್ಕ ಪ್ರಶ್ನೆ ಚಹಾ ಕುಡೀತ ಮಾತಾಡೋಣ್ರಿ" ಎಂದು ಘೋಷಿಸಿದೆ. ಸಭೆಗೆ ಇದು ಬಹಳ ಹಿಡಿಸಿತು. ಅಲ್ಲಿಯವರೆಗೆ ಸಂಕೋಚದಿಂದ ಸುಮ್ಮನಿದ್ದವರೂ ಚಹಾದ ಕಪ್ಪು ಹಿಡಿದು ನನ್ನನ್ನು ಗೋಡೆಗೆ ಒತ್ತರಿಸಿದರು. ಒಬ್ಬರು ಪೇಡೆ ಬಾಯಿಗಿಟ್ಟರು. ಅದು ಕರಗುವಷ್ಟರಲ್ಲಿ ಇನ್ನೊಬ್ಬರು ಪ್ರಶ್ನೆ ಇಟ್ಟರು. ಧಾರವಾಡ ಪೇಡೆ ಬಾಯಿಯಲ್ಲಿದ್ದಾಗ "ಊಂ" ಅಂದರೆ ಹೌದು ಅಂತಲೂ ಆಗುತ್ತದೆ, ಅಲ್ಲ ಅಂತಲೂ ಆಗುತ್ತದೆ. ನಾನು ಅದೇ ಧೈರ್ಯದಲ್ಲಿ ಎಲ್ಲದಕ್ಕೂ "ಊಂ" ಅಂದೆ. ಆಮೇಲೆ ತಿಳಿದದ್ದು, ಅದರಲ್ಲೊಂದು ಪ್ರಶ್ನೆ "ನಮ್ಮ ಬಳಗದವರನ್ನೆಲ್ಲ ಒಂದಿನ ನಿಮ್ಮ ಮನಿಗೆ ಊಟಕ್ಕ ಕರೀತೀರೇನು?" ಎಂಬುದಾಗಿತ್ತು.

ತಪ್ಪಿಸಿಕೊಂಡು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದೆ. ಏಸಿ ಬಸ್ಸು, ತನ್ನದೇ ದಾರಿ, ಯಾರ ಅಡ್ಡಿಯೂ ಇಲ್ಲ. ಉಸಿರು ಬಿಟ್ಟು ಕೂತು ನೋಡಿದರೆ ಪಕ್ಕದ ಸೀಟಿನಲ್ಲಿ ಗಣಿತ ಮಾಸ್ತರು! ಚಿಗರಿಯ ಬಾಗಿಲು ನಿಲ್ದಾಣ ಬಂದಾಗ ಬಿಟ್ಟರೆ ತೆರೆಯುವುದಿಲ್ಲ. ಜಿಗಿಯುವ ದಾರಿಯೂ ಇಲ್ಲ. ಟೋಲ್ ನಾಕಾ ದಾಟುವಷ್ಟರಲ್ಲಿ ಮುಂದಿನ ಸೀಟಿನವರು ತಿರುಗಿ, "ಅಂಗಿ ಮ್ಯಾಲ ಅದೇನ್ರಿ?" ಅಂದರು. ಮಾಸ್ತರು ವಿವರಿಸಿದರು. ನವನಗರಕ್ಕೆ ಬರುವಾಗ ಇಡೀ ಬಸ್ಸು ಸಭೆಯಾಗಿತ್ತು. ಉಣಕಲ್ಲಿನಲ್ಲಿ ಹತ್ತಿದ ಕಾಲೇಜು ಹುಡುಗನೊಬ್ಬ ಕಂಬ ಹಿಡಿದು ನಿಂತುಕೊಂಡೇ ಕೇಳಿದ: "ಸರ್, 2021ರ ಡಿಸೆಂಬರಿನ್ಯಾಗ ನಿಯಮ ತಿದ್ದಿ ಮಷೀನಿನ ಪಾಲಿಯೆಸ್ಟರ್ ಧ್ವಜಕ್ಕೂ ಹೂಂ ಅಂದ್ರಲ್ಲ, ಹಂಗಾರ ನಿಮ್ಮ ಬೆಂಗೇರಿಯಾಗ ನೂಲೋರು, ಹೊಲಿಯೋರು ಏನ್ ಮಾಡಬೇಕು?" ಸಂಜೆಯಿಂದ ಬಂದ ಪ್ರಶ್ನೆಗಳಲ್ಲಿ ಇದು ಎಲ್ಲಕ್ಕಿಂತ ಭಾರ. ಐದೂ ಮಂತ್ರ ಖರ್ಚಾಗಿದ್ದವು. ಇದ್ದಿದ್ದರೂ ಇದಕ್ಕೆ ಹತ್ತುತ್ತಿರಲಿಲ್ಲ. ನಾನು ತಡವರಿಸಿದೆ. ಬಸ್ಸಿನವರು ಬಿಡಲಿಲ್ಲ. ಖಾದಿಗೆ ಹೆಚ್ಚು ಕೂಲಿ ಕೊಡಬೇಕೆಂದು ಒಬ್ಬರು, ಆಫೀಸುಗಳು ಖಾದಿಯನ್ನೇ ಕೊಳ್ಳಬೇಕೆಂದು ಇನ್ನೊಬ್ಬರು, ನೀವು ಮೊದಲು ಖಾದಿ ಹಾಕ್ಕೋರಿ ಎಂದು ಮಗದೊಬ್ಬರು. ಈ ಗದ್ದಲದಲ್ಲಿ ನಾನು ಇಳಿಯಬೇಕಾದ ಹೊಸೂರು ಬಂದುಹೋಯಿತು. ಎದ್ದೆ, "ಉತ್ತರ ಹೇಳಿ ಇಳೀರಿ" ಎಂದು ಕೈಹಿಡಿದು ಕೂರಿಸಿದರು.

ಕೊನೆಗೆ ಇಳಿದದ್ದು ರೈಲ್ವೆ ನಿಲ್ದಾಣದಲ್ಲಿ. ಆ ಹುಡುಗ ಹಿಂದೆಯೇ ಇಳಿದು, "ಸರ್, ಒಂದ ಲಾಸ್ಟ್" ಅಂದ. "ಇಲ್ಲಿ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದ. ಅಷ್ಟ ಉದ್ದದ ಧ್ವಜ ಹೊಲೀಬೇಕಂದ್ರ ಚಕ್ರ ಎಷ್ಟ ದೊಡ್ಡದು ಬೇಕ್ರಿ?" ನಾನು ಬೆರಳು ಮಡಚುವುದಕ್ಕೆ ಮೊದಲೇ ಹಿಂದಿನಿಂದ ದನಿ ಬಂತು: "ಪಟ್ಟಿ ಹತ್ತತ್ರ 335 ಮೀಟರ್. ತೊಂಬತ್ತೆರಡೂವರಿ ಹಿಡದ್ರ ಚಕ್ರ 310 ಮೀಟರ್." ಮಾಸ್ತರು! ಅವರ ಮನೆ ನವನಗರದಲ್ಲಿತ್ತು. ನನ್ನ ಉತ್ತರ ಸಿಕ್ಕೀತೆಂದು ಅಲ್ಲಿಯವರೆಗೆ ಬಂದಿದ್ದರು.

ಈ ಸಂಕಟದ ನಡುವೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಆಫೀಸಿನ ಮೀಟಿಂಗಿನಲ್ಲಿ ಎಷ್ಟು ಸ್ಲೈಡು ತೋರಿಸಿದರೂ ಒಬ್ಬರೂ ಬಾಯಿ ಬಿಡುವುದಿಲ್ಲ. ಎಲ್ಲರ ಕಣ್ಣು ಬಾಗಿಲಾಚೆಯ ಸಮೋಸಾದ ಮೇಲೆ. ಅಲ್ಲಿ ನಾನು ಹೇಳಿದ್ದು ಅಲ್ಲೇ ಸತ್ತಿತು. ಧಾರವಾಡದಲ್ಲಿ ಪ್ರಶ್ನೆ ಅಂದರೆ ಪಂಗತಿಯಲ್ಲಿ ಬೇಡ ಬೇಡವೆಂದು ಅಡ್ಡ ಹಿಡಿದ ಕೈ ಸರಿಸಿ ಬಡಿಸುವ ಇನ್ನೊಂದು ಹೋಳಿಗೆ. ಕೇಳಿಸಿಕೊಂಡದ್ದಕ್ಕೇ ಕೇಳುತ್ತಾರೆ. ತಿಂದವನಿಗೆ ಅಜೀರ್ಣವಾದರೆ ಬಡಿಸಿದವರ ತಪ್ಪೇನು? ಮೂರು ದಿನ ನಾನು ಗರಗದ ಬಗ್ಗೆ ಓದಿದೆ, ಚಕ್ರದ ಶೇಕಡಾ ಲೆಕ್ಕ ಹಾಕಿದೆ, ಇನ್ನು ಜನ್ಮದಲ್ಲಿ ಮೈಕು ಮುಟ್ಟುವುದಿಲ್ಲವೆಂದು ಹೆಂಡತಿಯೆದುರು ಆಣೆ ಮಾಡಿದೆ.

ನಾಲ್ಕನೆಯ ದಿನ ಬಳಗದವರ ಫೋನು ಬಂತು. "ಕಾರ್ಯಕ್ರಮ ಭಾಳ ರಂಗೇರಿತ್ರಿ! ಎಲ್ಲಾರೂ ಇನ್ನೊಮ್ಮೆ ನಿಮ್ಮನ್ನ ಕರೀರಿ ಅಂತಾರ. ಹೋದ ಸಲ ನಿಮ್ಮ ಭಾಷಣಕ್ಕ ಟೈಮ್ ಸುಮ್ಮನ ಹೋತು ನೋಡ್ರಿ, ಈ ಸಲ ಭಾಷಣ ಬ್ಯಾಡ. ನೀವು ಬಂದು ನಿಂತ್ರ ಸಾಕು, ಸೀದಾ ಪ್ರಶ್ನೋತ್ತರ."

ಆಣೆ ಮರೆತು, ಶಾಲು ನೆನೆದು, ವಿಷಯ ಯಾವುದೆಂದು ಕೇಳಿದೆ.

"ಅದು ನಿಮಗ ಬಿಟ್ಟದ್ದರಿ. ಪ್ರಶ್ನೆ ತಯಾರ ಅದಾವು."